ಕೇರೆಹಾವನ್ನು ಹೊಲದಲ್ಲಿ ನೆಲೆಗೊಳಿಸುವ ವಿಚಾರ

ಮಧುಗಿರಿ ಉಪವಿಭಾಗಕ್ಕೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳಲ್ಲಿ ಖುಷ್ಕಿ ಬೇಸಾಯವೇ ಹೆಚ್ಚು. ಮಳೆಯನ್ನು ನಂಬಿ ಬಿತ್ತಿದ ಕಡಲೆಕಾಯಿ, ರಾಗಿ, ತೊಗರಿಗಳು ಕೈಗೆ ಬರುವುದೇ ಕಷ್ಟ. ಬಂದುದರಲ್ಲಿಯೂ ಒಂದು ಪಾಲನ್ನು ಇಲಿ ಹೆಗ್ಗಣಗಳು ಒಯ್ಯುತ್ತವೆ. ಮಳೆ ತಪ್ಪಿದರೆ ಯಾರನ್ನೂ ದೂರುವಂತಿಲ್ಲ. ಇಲಿಯ ಬಾಯಿಗೆ ಹೋದ ಪಾಲಿನಲ್ಲಿ ಮಾತ್ರ ರೈತರ ಕೈವಾಡವೂ ಸ್ವಲ್ಪ ಉಂಟು. ಬದುವಿನ ಮೇಲೆ ಹಾಯ್ದುಹೋಗುವ ಕೇರೆಹಾವನ್ನು ಕಂಡೊಡನೆ ಅಟ್ಟಿಸಿಕೊಂಡು ಹೋಗಿ ಬಡಿದು ಕೊಲ್ಲುವ ರೂಢಿಯು ಇನ್ನೂ ಪೂರ್ತಿಯಾಗಿ ತಪ್ಪಿಲ್ಲ. ಪಾವಗಡ ತಾಲ್ಲೂಕಿನ ನಾಗಲಮಡಿಕೆಯಲ್ಲಿ ಉತ್ತರ ಪಿನಾಕಿನಿಯ ದಡದಲ್ಲಿರುವ ಅಂತ್ಯ ಸುಬ್ರಹ್ಮಣ್ಯನಿಗೆ ನಡೆದುಕೊಳ್ಳುವ ಒಕ್ಕಲುಗಳು ನಾಗರಹಾವನ್ನು ಕಂಡರೆ ಕೈಮುಗಿದು ದಾರಿ ಬಿಡುತ್ತವೆ. ವಿಷವೇ ಇಲ್ಲದ ಕೇರೆಗೆ ದೊಣ್ಣೆಯ ಪೆಟ್ಟು ಬೀಳುತ್ತದೆ. ಕೂಲಿ ಕೇಳದೆ ಹೊಲ ಕಾಯುವ ಪ್ರಾಣಿಯೊಂದನ್ನು ಹೀಗೆ ಕಳೆದುಕೊಂಡು, ಬಳಿಕ ಅಂಗಡಿಯಿಂದ ಇಲಿಪಾಷಾಣವನ್ನು ಹಣ ಕೊಟ್ಟು ತರುವುದು ಯಾವ ಲೆಕ್ಕದಿಂದಲೂ ಲಾಭದ ಕೆಲಸವಲ್ಲ.

ಕೇರೆಯನ್ನು ಜಮೀನಿನಲ್ಲಿ ನೆಲೆನಿಲ್ಲುವಂತೆ ಮಾಡುವುದು ಹೇಗೆ, ಅದರಲ್ಲಿ ಪಾಲಿಸತಕ್ಕ ಎಚ್ಚರಿಕೆಗಳು ಯಾವುವು ಎಂಬುದನ್ನು ಇಲ್ಲಿ ವಿವರಿಸಿದೆ. ಹಿಡಿದು ತಂದು ಪೆಟ್ಟಿಗೆಯಲ್ಲಿ ಸಾಕುವ ಮಾತು ಇದಲ್ಲ. ಅದಕ್ಕೆ ಕಾನೂನಿನ ಅಡ್ಡಿಯುಂಟು. ಕಾನೂನು ಇಲ್ಲದಿದ್ದರೂ ಅದರಿಂದ ಹೊಲಕ್ಕೆ ಪ್ರಯೋಜನವಿಲ್ಲ.

ಇಲಿಗಳ ಹಾವಳಿ

ಹೊಲದ ಹೆಗ್ಗಣವು ಬದುವಿನಲ್ಲಿ ಕವಲು ಕವಲಾಗಿ ಬಿಲ ತೋಡಿ, ಒಳಗೆ ಉಗ್ರಾಣವನ್ನೇ ಮಾಡಿಕೊಂಡು, ತೆನೆಗಳನ್ನೂ ಕಾಯಿಗಳನ್ನೂ ತುಂಬಿಡುತ್ತದೆ. ತಿನ್ನುವುದಕ್ಕಿಂತ ಕೂಡಿಡುವುದೇ ಅದರ ದೊಡ್ಡ ದುರ್ಗುಣ. ಸುಗ್ಗಿಯಾದ ಮೇಲೆ ಬಡವರು ಈ ಬಿಲಗಳನ್ನು ಅಗೆದು ಕಾಳು ತೆಗೆಯುತ್ತಿದ್ದುದು ಹಳಬರಿಗೆ ತಿಳಿದೇ ಇದೆ. ಕಡಲೆಕಾಯಿ ಬಲಿಯುವ ಕಾಲದಲ್ಲಿ ಇಲಿಗಳು ಗಿಡದ ಬುಡವನ್ನು ಕೆದಕಿ ಕಾಯಿಯನ್ನು ಒಡೆದು ಬೀಜವನ್ನು ತಿನ್ನುತ್ತವೆ. ಮೇಲಿನಿಂದ ನೋಡಿದವರಿಗೆ ಗಿಡ ಹಸುರಾಗಿಯೇ ಕಾಣುವುದರಿಂದ, ಕೀಳುವ ದಿನದವರೆಗೂ ನಷ್ಟ ಗೊತ್ತಾಗುವುದಿಲ್ಲ. ಕಿತ್ತ ಬಳ್ಳಿಯನ್ನು ಗುಡ್ಡೆ ಹಾಕಿದಾಗಲೂ, ರಾಗಿಯನ್ನು ಕೊಯ್ದು ಮೆದೆ ಒಟ್ಟಿದಾಗಲೂ ಅವುಗಳಿಗೆ ಹಬ್ಬ. ಹಿಂದೆ ರಾಗಿಯನ್ನು ಹಗೇವಿನಲ್ಲಿ ಹಾಕಿ ಬಾಯಿ ಮುಚ್ಚುತ್ತಿದ್ದುದರಿಂದ ಕಾಳಿಗೆ ಒಂದು ರಕ್ಷಣೆಯಿತ್ತು. ಈಗ ಚೀಲಗಳನ್ನು ಮನೆಯ ನಡುವೆಯೇ ಅಟ್ಟಿ ಇಡುವುದರಿಂದ ಇಲಿಯು ಹೊಲದಿಂದ ಮನೆಯವರೆಗೂ ಕಾಳಿನ ಹಿಂದೆಯೇ ಬರುತ್ತದೆ.

ಇಲಿಯು ಸುಮಾರು ಮೂರು ವಾರ ಗರ್ಭ ಧರಿಸಿ ಒಂದು ಸಾರಿಗೆ ಆರೆಂಟು ಮರಿಗಳನ್ನು ಹಾಕುತ್ತದೆ. ಆ ಮರಿಗಳು ಕೆಲವೇ ತಿಂಗಳಲ್ಲಿ ತಾವೂ ಮರಿ ಹಾಕತೊಡಗುತ್ತವೆ. ಆದಕಾರಣ ವರ್ಷಕ್ಕೊಮ್ಮೆ ವಿಷವಿಟ್ಟು ಕೈತೊಳೆದುಕೊಂಡರೆ ಸಾಲದು. ಸತುವಿನ ಫಾಸ್ಫೈಡ್ ಎಂಬ ಕಪ್ಪು ಪುಡಿಯನ್ನು ಬಳಸುವ ಕ್ರಮವು ಬಹುಮಂದಿಗೆ ತಿಳಿದಿದ್ದರೂ, ಅದನ್ನು ಪೂರ್ತಿಯಾಗಿ ಅನುಸರಿಸುವವರು ಕಡಮೆ. ಮೊದಲನೆಯ ದಿನ ಬಿಲಗಳ ಬಾಯನ್ನೆಲ್ಲ ಮಣ್ಣಿನಿಂದ ಮುಚ್ಚಿ, ಮಾರನೆಯ ದಿನ ತೆರೆದುಕೊಂಡಿರುವ ಬಿಲಗಳನ್ನು ಮಾತ್ರ ಗುರುತು ಮಾಡಿಕೊಂಡು, ಎರಡು ಮೂರು ದಿನ ವಿಷವಿಲ್ಲದ ಎಣ್ಣೆನುಚ್ಚನ್ನು ಇಟ್ಟು ರುಚಿ ಹತ್ತಿಸಿ, ಅನಂತರ 96 ಪಾಲು ನುಚ್ಚು, 2 ಪಾಲು ಎಣ್ಣೆ, 2 ಪಾಲು ಪುಡಿ ಸೇರಿಸಿದ ತಿನಿಸನ್ನು ಬಿಲದೊಳಗೆ ಇಡತಕ್ಕದ್ದು. ರುಚಿ ಹತ್ತಿಸದೆ ನೇರವಾಗಿ ವಿಷವಿಟ್ಟರೆ, ಸ್ವಲ್ಪ ತಿಂದು ಕಾಯಿಲೆಯಾಗಿ ಬದುಕಿದ ಇಲಿಯು ಮತ್ತೆ ಅದನ್ನು ಮುಟ್ಟುವುದಿಲ್ಲ. ಈ ಪುಡಿಗೆ ತೇವ ತಗಲಿದರೆ ವಿಷವಾಯು ಹೊರಡುತ್ತದೆ. ಮನುಷ್ಯರ ಹೊಟ್ಟೆಗೆ ಹೋದರೆ ಇದಕ್ಕೆ ಪ್ರತಿವಿಷವಿಲ್ಲ. ಸತ್ತ ಇಲಿಗಳನ್ನು ಆಯ್ದು ಹೂಳದೆ ಬಿಟ್ಟರೆ ನಾಯಿ, ಬೆಕ್ಕು, ಗೂಬೆಗಳಿಗೂ ಅಪಾಯ. ವಿಷದಿಂದ ಇಲಿಯನ್ನು ತಗ್ಗಿಸಬಹುದು. ತಗ್ಗಿದ ಇಲಿಯು ಮತ್ತೆ ಏರದಂತೆ ವರ್ಷವಿಡೀ ಬಿಲದೊಳಕ್ಕೆ ನುಗ್ಗಿ ಹಿಡಿಯುವ ಕೆಲಸವನ್ನು ಹಾವೇ ಮಾಡಬೇಕು. ಬೆಕ್ಕಾಗಲಿ ಗೂಬೆಯಾಗಲಿ ಬಿಲದೊಳಗೆ ಹೋಗಲಾರವು.

ಕೇರೆಯ ಗುರುತು

ಕೇರೆಯು ಸಾಮಾನ್ಯವಾಗಿ 5 ರಿಂದ 7 ಅಡಿ ಉದ್ದ ಬೆಳೆಯುವ ಹಾವು. ಇನ್ನೂ ಉದ್ದವಾದವೂ ಉಂಟು. ಬಣ್ಣವು ಹಳದಿ, ಕಂದು, ಬೂದು, ಕಪ್ಪು ಹೀಗೆ ಹಲವು ವಿಧ. ಕಣ್ಣು ದೊಡ್ಡದು, ಕಣ್ಣಿನ ಪಾಪೆ ಗುಂಡಗಿರುತ್ತದೆ. ತುಟಿಯ ಅಂಚಿನಲ್ಲಿ ಕಪ್ಪು ಗೀರುಗಳು, ಬೆನ್ನಿನ ಹಿಂಭಾಗದಲ್ಲಿ ಮತ್ತು ಬಾಲದಲ್ಲಿ ಅಡ್ಡಡ್ಡವಾಗಿ ಕಪ್ಪು ಪಟ್ಟೆಗಳು ಕಾಣುತ್ತವೆ. ಕತ್ತು ಸಣ್ಣದಾಗಿ ತಲೆಯು ಬೇರೆಯಾಗಿ ತೋರುತ್ತದೆ. ಹಗಲು ಹೊತ್ತಿನಲ್ಲಿ ಸಂಚರಿಸುವುದು, ಆಳು ಕಂಡರೆ ಬಾಣದಂತೆ ಓಡುವುದು ಇದರ ಸ್ವಭಾವ. ಓಡಲು ದಾರಿಯಿಲ್ಲದೆ ಮೂಲೆಗೆ ಸಿಕ್ಕಿದಾಗ ಗಂಟಲನ್ನು ಉಬ್ಬಿಸಿ ಗುರುಗುಟ್ಟುತ್ತದೆ. ಇದನ್ನೇ ಹೆಡೆಯೆಂದು ಭ್ರಮಿಸಿ ನಾಗರವೆಂದು ಕೂಗುವವರುಂಟು. ಕೇರೆಗೆ ಹೆಡೆಯಿಲ್ಲ. ನಾಗರವು ಕತ್ತನ್ನು ಎರಡು ಪಕ್ಕಕ್ಕೆ ಚಪ್ಪಟೆಯಾಗಿ ಹರಡುತ್ತದೆ. ಕೇರೆಯು ಕತ್ತನ್ನು ಮೇಲೆ ಕೆಳಗೆ ಉಬ್ಬಿಸುತ್ತದೆ. ಆದಾಗ್ಯೂ ಹೆಡೆ ಬಿಚ್ಚದೆ ಹರಿದುಹೋಗುವ ನಾಗರವನ್ನು ಕೇರೆಯೆಂದು ತಿಳಿದು ಕೈಹಾಕಿ ಪ್ರಾಣ ಕಳೆದುಕೊಳ್ಳುವ ಸಂಭವವೂ ಇರುವುದರಿಂದ, ಎಷ್ಟೇ ಗುರುತು ಬಲ್ಲವರಾದರೂ ಯಾವ ಹಾವನ್ನೂ ಮುಟ್ಟಕೂಡದು.

ಕೇರೆಯ ವಿಷಯವಾಗಿ ಹಳ್ಳಿಗಳಲ್ಲಿ ಹಬ್ಬಿರುವ ಮಾತುಗಳಲ್ಲಿ ಮೂರನ್ನು ಇಲ್ಲಿ ಹೇಳಬೇಕು, ಏಕೆಂದರೆ ಈ ಮೂರರಿಂದಲೇ ಅದಕ್ಕೆ ಪೆಟ್ಟು ಬೀಳುತ್ತಿದೆ. ಹಸುವಿನ ಹಿಂಗಾಲುಗಳನ್ನು ಸುತ್ತಿಕೊಂಡು ಕೆಚ್ಚಲಿಗೆ ಬಾಯಿಟ್ಟು ಹಾಲು ಹೀರುತ್ತದೆ ಎಂಬುದು ಮೊದಲನೆಯದು. ಹಾವಿನ ಬಾಯಿಯು ಹೀರುವುದಕ್ಕೆ ತಕ್ಕಂತೆ ಇಲ್ಲ; ಸೂಜಿಯಂತಹ ಹಲ್ಲುಗಳು ಒಳಮುಖವಾಗಿ ಬಾಗಿರುವ ಆ ಬಾಯನ್ನು ಕೆಚ್ಚಲಿಗೆ ಇಟ್ಟರೆ ಯಾವ ಹಸುವೂ ಸುಮ್ಮನೆ ನಿಂತಿರಲಾರದು. ಕೊಟ್ಟಿಗೆಗೆ ಅದು ಬರುವುದು ಹಿಂಡಿ ಬೂಸಾಗಳಿಗೆ ಮುತ್ತಿದ ಇಲಿಗಾಗಿ. ಹಸು ಹಾಲು ಕಡಮೆ ಕೊಟ್ಟರೆ ಮೇವನ್ನೂ ಕೆಚ್ಚಲುಬಾವನ್ನೂ ನೋಡತಕ್ಕದ್ದೇ ಹೊರತು ಹಾವನ್ನಲ್ಲ. ಕೇರೆಯು ನಾಗರಹಾವಿನ ಗಂಡು ಎಂಬುದು ಎರಡನೆಯದು. ಎರಡು ಹಾವುಗಳು ಹೆಣೆದುಕೊಂಡು ಅರ್ಧ ಮೈಯನ್ನು ಮೇಲೆತ್ತಿ ಆಡುವುದನ್ನು ನೋಡಿದವರು ಹೀಗೆ ಹೇಳುತ್ತಾರೆ. ವಾಸ್ತವವಾಗಿ ಅವು ಸಾಮಾನ್ಯವಾಗಿ ಎರಡು ಗಂಡು ಕೇರೆಗಳು, ಒಂದನ್ನೊಂದು ನೆಲಕ್ಕೆ ಒತ್ತಿ ಸೋಲಿಸಲು ಮಾಡುವ ಮಲ್ಲಯುದ್ಧ ಅದು. ಬಾಲದಿಂದ ಹೊಡೆದರೆ ಮೈ ಕೊಳೆಯುತ್ತದೆ ಎಂಬುದು ಮೂರನೆಯದು. ಬಾಲದಲ್ಲಿ ವಿಷವೂ ಇಲ್ಲ, ಮುಳ್ಳೂ ಇಲ್ಲ.

ಕೇರೆಯು ಇಲಿಯನ್ನು ಮಾತ್ರವೇ ತಿನ್ನುತ್ತದೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಮರಿಯಾಗಿರುವಾಗ ಕಪ್ಪೆ, ಹಲ್ಲಿ, ಓತಿಕೇತಗಳೇ ಅದರ ಆಹಾರ. ದೊಡ್ಡದಾದ ಮೇಲೂ ಕಪ್ಪೆಯನ್ನು ಬಿಡುವುದಿಲ್ಲ, ಹಕ್ಕಿಯ ಮೊಟ್ಟೆ ಮರಿಗಳನ್ನೂ ತಿನ್ನುತ್ತದೆ. ಕಪ್ಪೆಯೂ ಹುಳು ತಿಂದು ಬೆಳೆಗೆ ಉಪಕಾರ ಮಾಡುವ ಪ್ರಾಣಿಯೇ. ಆದರೆ ಕೆರೆಯಂಚಿನ ಗದ್ದೆಯನ್ನು ಬಿಟ್ಟು ಖುಷ್ಕಿ ಹೊಲದಲ್ಲಿ ವರ್ಷದ ಹೆಚ್ಚು ಕಾಲ ಕಪ್ಪೆ ಎಲ್ಲಿ ಸಿಕ್ಕೀತು? ಶಿರಾ, ಪಾವಗಡಗಳ ಕಡಲೆಕಾಯಿ ಹೊಲದಲ್ಲಿ ಬೆಳೆದ ಕೇರೆಗೆ ಇಲಿಯೇ ಗತಿ.

ಅಮೆರಿಕದ ಜೋಳದ ಹಾವು

ಇಲಿಯ ಕಣಜಕ್ಕೆ ಹಾವು ಬರುವುದು ಈ ನಾಡಿನಲ್ಲಿ ಮಾತ್ರ ಕಂಡದ್ದಲ್ಲ. ಅಮೆರಿಕಾ ಸಂಯುಕ್ತ ಸಂಸ್ಥಾನದ ಆಗ್ನೇಯ ಭಾಗದಲ್ಲಿ ಕಾರ್ನ್ ಸ್ನೇಕ್, ಅಂದರೆ ಮುಸುಕಿನ ಜೋಳದ ಹಾವು ಎಂಬ ವಿಷವಿಲ್ಲದ ಜಾತಿಯೊಂದುಂಟು. 1766ರಲ್ಲಿ ಲಿನೇಯಸ್ ಪಂಡಿತನು ಇದಕ್ಕೆ ಶಾಸ್ತ್ರೀಯ ನಾಮವನ್ನು ಕೊಟ್ಟನು. ಜೋಳದ ಕಣಜಗಳಲ್ಲಿ ಇಲಿಯನ್ನು ಹುಡುಕಿಕೊಂಡು ಬರುತ್ತಿದ್ದುದರಿಂದ ಈ ಹೆಸರು ಬಂದಿತೆಂದು ಕೆಲವರೂ, ಹೊಟ್ಟೆಯ ಮೇಲಿನ ಚೌಕಳಿಯು ಬಣ್ಣಬಣ್ಣದ ಜೋಳದ ತೆನೆಯಂತಿರುವುದರಿಂದ ಬಂದಿತೆಂದು ಕೆಲವರೂ ಹೇಳುತ್ತಾರೆ. ಕಿತ್ತಳೆ ಬಣ್ಣದ ಮೈ, ಕೆಂಪು ಮಚ್ಚೆ, ಶಾಂತ ಸ್ವಭಾವ, 3 ರಿಂದ 5 ಅಡಿಯ ಉದ್ದ. ಇವುಗಳ ಕಾರಣದಿಂದ ಪರದೇಶಗಳಲ್ಲಿ ಮೊದಲ ಸಾರಿ ಹಾವು ಸಾಕುವವರು ಇದನ್ನೇ ಆರಿಸುತ್ತಾರೆ. ಸಾಕಿದವರ ಮನೆಗಳಲ್ಲಿ 15-20 ವರ್ಷ ಬದುಕುತ್ತದೆ.

ಈ ಹಾವನ್ನು ಮನೆಗೆ ತಂದವರು ಅನುಭವದಿಂದ ಕಲಿತ ಕ್ರಮವು ಗಮನಕ್ಕೆ ಯೋಗ್ಯವಾದುದು. ಹಾವು ಬರುವುದಕ್ಕೆ ಮುಂಚೆಯೇ ಪೆಟ್ಟಿಗೆ ಸಿದ್ಧವಾಗಿರಬೇಕು. ಪೆಟ್ಟಿಗೆಯ ಒಂದು ತುದಿಯಲ್ಲಿ 29 ರಿಂದ 31 ಡಿಗ್ರಿ ಸೆಂಟಿಗ್ರೇಡ್ ಕಾವು, ಇನ್ನೊಂದು ತುದಿಯು 22 ರಿಂದ 24 ಡಿಗ್ರಿ ತಂಪು. ಬೇಕಾದಾಗ ಹಾವೇ ಅತ್ತಿತ್ತ ಹೋಗಿ ಮೈಯ ಶಾಖವನ್ನು ಸರಿಮಾಡಿಕೊಳ್ಳುತ್ತದೆ. ಎರಡು ತುದಿಗೂ ಒಂದೊಂದು ಅಡಗುಗೂಡು, ಒಂದು ಬೋಗುಣಿ ನೀರು. ಮುಚ್ಚಳವು ಭದ್ರವಾಗಿರಬೇಕು, ಇದು ಸಂದು ಸಿಕ್ಕಿದಲ್ಲಿ ನುಸುಳುವ ಜಾತಿ. ತಂದುಬಿಟ್ಟ ಮೇಲೆ ಒಂದು ವಾರ ಅದನ್ನು ಎತ್ತಕೂಡದು, ಊರವರಿಗೆಲ್ಲ ತೋರಿಸಕೂಡದು, ತಿನಿಸನ್ನೂ ಕೊಡಕೂಡದು. ಆಮೇಲೆ ಅದರ ಮೈಯ ದಪ್ಪಕ್ಕೆ ಸರಿಯಾದ ಸತ್ತ ಚಿಕ್ಕ ಇಲಿಯೊಂದನ್ನು ಇಟ್ಟು ನೋಡಬೇಕು. ತಿನ್ನದಿದ್ದರೆ ಗಾಬರಿಪಡದೆ ಅದನ್ನು ತೆಗೆದು, ಮತ್ತೆ ಕೆಲವು ದಿನ ಬಿಟ್ಟು ಇಡಬೇಕು. ತಿಂದ ಮೇಲೆ ಎರಡು ದಿನ ಮುಟ್ಟಿದರೆ ಕಕ್ಕಿಬಿಡುವುದುಂಟು. ಕಣ್ಣು ಹಾಲುಗಟ್ಟಿದಂತೆ ಮಬ್ಬಾದರೆ ಅದು ಕುರುಡಲ್ಲ, ಪೊರೆ ಬಿಡುವ ಕಾಲ, ಆಗಲೂ ತಿನ್ನಲೊಲ್ಲದು. ಮರಿಗೆ 5-7 ದಿನಕ್ಕೊಮ್ಮೆ, ಬೆಳೆದುದಕ್ಕೆ 10-14 ದಿನಕ್ಕೊಮ್ಮೆ ಆಹಾರ ಸಾಕು. ಹೊಸದಾಗಿ ತಂದ ಹಾವು ಹಸಿವಿಗಿಂತ ಹೆಚ್ಚಾಗಿ ಗಲಿಬಿಲಿಯಿಂದ ಕೆಡುತ್ತದೆ ಎಂಬುದೇ ಇದರ ಸಾರ. ಅಡಗಲು ತಾವು, ಕಾವು, ನೀರು, ನಿಶ್ಶಬ್ದ ಇವು ನಾಲ್ಕು ಇದ್ದರೆ ಅದು ತಾನಾಗಿ ನೆಲೆಗೊಳ್ಳುತ್ತದೆ.

ಪಟ್ಟಣದಲ್ಲಿ ಓದುವ ಹುಡುಗರು ಇಂತಹ ಹಾವನ್ನು ಕೊಂಡು ಹಳ್ಳಿಗೆ ತರಬಯಸಿದರೆ ಯಜಮಾನರು ಎರಡು ಸಂಗತಿ ವಿಚಾರಿಸತಕ್ಕದ್ದು. ಪರದೇಶದ ಜೀವಂತ ಪ್ರಾಣಿಯನ್ನು ಆಮದು ಮಾಡಲು ಸರ್ಕಾರದ ಪರವಾನಗಿ ಬೇಕು. ಮಾರಿದವನ ಬಳಿ ಅದರ ಕಾಗದಪತ್ರವಿಲ್ಲದಿದ್ದರೆ ವ್ಯಾಪಾರವನ್ನೇ ಮಾಡಕೂಡದು, ಸಂದೇಹವಿದ್ದರೆ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಕೇಳಬೇಕು. ಸಾಕಿ ಬೇಸರವಾಯಿತೆಂದು ಅದನ್ನು ಹೊಲಕ್ಕೆ ಬಿಡುವುದಂತೂ ಸಲ್ಲದು. ಕೆರಿಬಿಯನ್ ದ್ವೀಪಗಳಲ್ಲಿ ಹೊರಗಿನಿಂದ ಬಂದ ಈ ಜಾತಿಯು ನೆಲೆಯೂರಿ ಸ್ಥಳೀಯ ಪ್ರಾಣಿಗಳಿಗೆ ಕಂಟಕವಾದ ಉದಾಹರಣೆಗಳುಂಟು. ಇಲಿಗಾಗಿ ಅದನ್ನು ತರುತ್ತೇವೆಂಬ ಮಾತಂತೂ ವ್ಯರ್ಥ. ಎರಡು ವಾರಕ್ಕೊಂದು ಸತ್ತ ಇಲಿಯನ್ನು ಕಾಸು ಕೊಟ್ಟು ತಂದು ತಿನ್ನಿಸಬೇಕಾದ ಹಾವಿನಿಂದ ಹೊಲಕ್ಕೇನು ಬಂದೀತು?

ಕೇರೆಯ ವಿಷಯದಲ್ಲಿ ಕಾನೂನು ಇನ್ನೂ ಸ್ಪಷ್ಟ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಕೇರೆಯನ್ನು ಕೊಲ್ಲುವುದು, ಹಿಡಿಯುವುದು, ಮನೆಯಲ್ಲಿಟ್ಟುಕೊಳ್ಳುವುದು, ಮಾರುವುದು ಎಲ್ಲವೂ ಸೆರೆವಾಸಕ್ಕೂ ದಂಡಕ್ಕೂ ಗುರಿಮಾಡುವ ಅಪರಾಧಗಳು. ಆ ಕಾಯಿದೆ ಬರುವುದಕ್ಕೆ ಮುಂಚೆ ಚರ್ಮಕ್ಕಾಗಿ ಲೆಕ್ಕವಿಲ್ಲದಷ್ಟು ಕೇರೆಗಳು ಹೋದವು. ಚೀಲ, ಪಾದರಕ್ಷೆಗಳಾಗಿ ಪರದೇಶಗಳ ಅಂಗಡಿ ಸೇರಿದವು. ಆ ವ್ಯಾಪಾರ ನಿಂತ ಮೇಲೆ, ಚರ್ಮಕ್ಕಾಗಿ ಹಾವು ಹಿಡಿಯುತ್ತಿದ್ದ ತಮಿಳುನಾಡಿನ ಇರುಳರು 1978ರಲ್ಲಿ ಸಹಕಾರ ಸಂಘವನ್ನು ಕಟ್ಟಿಕೊಂಡು, ಅದೇ ವಿದ್ಯೆಯಿಂದ ಪ್ರತಿವಿಷ ತಯಾರಿಕೆಗೆ ಬೇಕಾದ ವಿಷವನ್ನು ಪರವಾನಗಿಯಂತೆ ಒದಗಿಸತೊಡಗಿದರು. ಮಣ್ಣುಮುಕ್ಕವೆಂಬ ಸಾಧು ಹಾವನ್ನು ‘ಎರಡು ತಲೆಯ ಹಾವು, ನಿಧಿ ತೋರಿಸುತ್ತದೆ’ ಎಂದು ಹೇಳಿ ಲಕ್ಷಗಟ್ಟಲೆ ಬೆಲೆ ಕಟ್ಟುವ ದಲ್ಲಾಳಿಗಳು ಹಳ್ಳಿಗಳಿಗೆ ಬರುವುದುಂಟು. ಅಂತಹವರ ಮಾತಿಗೆ ಮರುಳಾದವರಿಗೆ ಸಿಕ್ಕುವ ನಿಧಿ ಪೊಲೀಸು ಠಾಣೆ ಮಾತ್ರ. ಊರಿನ ಮುಖಂಡರು ಇದನ್ನು ಮೊದಲೇ ತಿಳಿಸಿ ಹೇಳುವುದು ಒಳ್ಳೆಯದು.

ಹೊಲದಲ್ಲಿ ನೆಲೆಗೊಳಿಸುವ ಕ್ರಮ

ಪೆಟ್ಟಿಗೆಯಲ್ಲಿ ಕೃತಕವಾಗಿ ಒದಗಿಸುವ ಆ ನಾಲ್ಕು ಅನುಕೂಲಗಳನ್ನು ಹೊಲದಲ್ಲಿ ಸಹಜವಾಗಿ ಉಳಿಸಿದರೆ ಕೇರೆಯು ಕರೆಯದೆಯೇ ಬಂದು ನಿಲ್ಲುತ್ತದೆ. ಬೇರೆ ಕಡೆಯಿಂದ ಹಿಡಿದು ತಂದು ಬಿಡುವುದರಿಂದ ಇದು ಆಗುವುದಿಲ್ಲ. ದೂರ ಸಾಗಿಸಿ ಬಿಟ್ಟ ಹಾವುಗಳು ತಮ್ಮ ಪರಿಚಿತ ಬಿಲವನ್ನು ಕಾಣದೆ ಅಲೆದಲೆದು ರಸ್ತೆಗೂ ಮನೆಗೂ ನುಗ್ಗಿ ಸಾಯುವುದು ಹಲವು ದೇಶಗಳ ಪರೀಕ್ಷೆಗಳಲ್ಲಿ ಕಂಡುಬಂದಿದೆ. ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದಲ್ಲಿ ಊರ ನಡುವಣ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಪ್ರಸಿದ್ಧವಾಗಿದೆ. ಅವುಗಳನ್ನು ಯಾರೂ ಹಿಡಿದು ತಂದಿಲ್ಲ, ಪಂಜರ ಮಾಡಿಲ್ಲ; ಗ್ರಾಮಸ್ಥರು ಮರಗಳನ್ನು ಕಡಿಯಲಿಲ್ಲ, ಹಕ್ಕಿಗಳನ್ನು ಕೆಣಕಲಿಲ್ಲ, ಅಷ್ಟೆ. ಹಾವಿಗೂ ಅದೇ ಕ್ರಮ.

ಮೊದಲನೆಯದಾಗಿ ಅಡಗುದಾಣ. ಹೊಲದ ಮೂಲೆಯಲ್ಲಿ ಹಳೆಯ ಹುತ್ತವಿದ್ದರೆ ಅದನ್ನು ಅಗೆದು ಸಮ ಮಾಡಕೂಡದು. ಉಳುವಾಗ ಆಯ್ದ ಕಲ್ಲುಗಳನ್ನು ಬದುವಿನ ತುದಿಯಲ್ಲಿ ಸಡಿಲವಾಗಿ ಗುಡ್ಡೆ ಹಾಕಿದರೆ ಬಿಸಿಲಿನಲ್ಲಿ ಕಾವು, ಒಳಗೆ ತಂಪು, ಎರಡೂ ದೊರೆಯುತ್ತವೆ. ಮಧುಗಿರಿ, ಪಾವಗಡಗಳ ಕಡೆ ಕಲ್ಲಿಗೆ ಬರಗಾಲವಿಲ್ಲವೆಂದು ಹೇಳಲವಶ್ಯವಿಲ್ಲ. ಕತ್ತಾಳೆ, ಕಳ್ಳಿ, ಹೊಂಗೆಗಳ ಜೀವಂತ ಬೇಲಿಯು ತಂತಿಬೇಲಿಗಿಂತ ಈ ದೃಷ್ಟಿಯಿಂದ ಮೇಲು. ಬದುವಿನ ಹುಲ್ಲಿಗೆ ಬೇಸಗೆಯಲ್ಲಿ ಬೆಂಕಿ ಹಚ್ಚುವ ಅಭ್ಯಾಸವನ್ನು ಬಿಡಬೇಕು. ಹೆಣ್ಣು ಕೇರೆಯು ಹತ್ತು ಹನ್ನೆರಡು ಮೊಟ್ಟೆಗಳನ್ನು ಬಿಲದಲ್ಲೋ ಒಣಗಿದ ಎಲೆಯ ಕೆಳಗೋ ಇಟ್ಟು ಸುತ್ತಿಕೊಂಡು ಮಲಗುತ್ತದೆ. ಅವು ಮರಿಯಾಗಲು ಸುಮಾರು ಎರಡು ತಿಂಗಳು ಬೇಕು. ಒಂದು ಗಳಿಗೆಯ ಬೆಂಕಿಯು ಒಂದು ವರ್ಷದ ಸಂತಾನವನ್ನು ಸುಡುತ್ತದೆ.

ಎರಡನೆಯದು ನೀರು. ಕೊರಟಗೆರೆಯಲ್ಲಿ ಜಯಮಂಗಲಿಯ ಆಸುಪಾಸಿನ ತೋಟಗಳಿಗೆ ಈ ಚಿಂತೆಯಿಲ್ಲ. ಖುಷ್ಕಿ ಹೊಲದಲ್ಲಿ ದನದ ತೊಟ್ಟಿಯ ಪಕ್ಕದಲ್ಲಿ ಒಂದು ತಗ್ಗು ಕಲ್ಲುಮರಿಗೆಯನ್ನು ನೆಲಮಟ್ಟಕ್ಕೆ ಹೂತು ನೀರು ಬಿಟ್ಟರೆ ಹಾವಿಗಲ್ಲದೆ ಹಕ್ಕಿಗಳಿಗೂ ಆಗುತ್ತದೆ. ಕಟ್ಟೆಯಿಲ್ಲದ ತೆರೆದ ಬಾವಿ ಇದಕ್ಕೆ ವಿರುದ್ಧವಾದ ಕೆಲಸ ಮಾಡುತ್ತದೆ. ನೀರಿಗೋ ಕಪ್ಪೆಗೋ ಆಸೆಪಟ್ಟು ಬಿದ್ದ ಹಾವು ನುಣುಪಾದ ಗೋಡೆಯನ್ನು ಹತ್ತಲಾರದೆ ದಿನಗಟ್ಟಲೆ ಈಜಿ ಸಾಯುತ್ತದೆ, ನೀರೂ ಕೆಡುತ್ತದೆ. ಸುತ್ತ ಕಟ್ಟೆ ಕಟ್ಟುವುದು ಮಕ್ಕಳ ಪ್ರಾಣಕ್ಕೂ ಕ್ಷೇಮ. ಕಟ್ಟುವವರೆಗೆ ಒಂದು ಒರಟು ಮರದ ಕೊಂಬೆಯನ್ನಾದರೂ ಓರೆಯಾಗಿ ಇಳಿಬಿಡತಕ್ಕದ್ದು.

ಮೂರನೆಯದು ಬಲೆ. ತರಕಾರಿ ಮಡಿಗಳ ಸುತ್ತ ಕೋಳಿ, ಅಳಿಲುಗಳಿಗೆಂದು ಕಟ್ಟುವ ಹಳೆಯ ನೈಲಾನ್ ಮೀನುಬಲೆಯಲ್ಲಿ ಸಿಕ್ಕಿಕೊಂಡು ಕೇರೆಗಳು ಸಾಯುತ್ತವೆ. ಹುರುಪೆಗಳು ಹಿಂದಕ್ಕೆ ಸರಿಯಗೊಡದೆ, ಎಳೆದಷ್ಟೂ ದಾರವು ಕೊರೆಯುತ್ತದೆ. ಬಲೆ ಬೇಕೇ ಬೇಕಾದರೆ ನೆಲದಿಂದ ಒಂದು ಅಡಿ ಬಿಟ್ಟು ಮೇಲೆ ಕಟ್ಟಬಹುದು.

ಇಷ್ಟು ಹೇಳಿದ ಮೇಲೆ ಒಂದು ಮಾತನ್ನು ಮರೆಮಾಚಕೂಡದು. ಕೇರೆಗೆ ಒಗ್ಗುವ ತಾಣವು ನಾಗರಕ್ಕೂ ಮಂಡಲಕ್ಕೂ ಒಗ್ಗುತ್ತದೆ. ಕೇರೆ ಇರುವಲ್ಲಿ ನಾಗರ ಬರುವುದಿಲ್ಲವೆಂದು ಕೆಲವರು ಹೇಳುವುದನ್ನು ನಂಬಿ ಮೈಮರೆಯುವುದು ಅಪಾಯ. ಆದ್ದರಿಂದ ಕಲ್ಲುಗುಡ್ಡೆ, ಹುತ್ತ, ಪೊದೆಗಳು ಹೊಲದ ದೂರದ ಅಂಚಿನಲ್ಲಿರಬೇಕೇ ಹೊರತು ಮನೆಯ ಹಿತ್ತಿಲಿನಲ್ಲಿ ಅಲ್ಲ. ಮನೆಯ ಸುತ್ತ ನೂರು ಹೆಜ್ಜೆಯಷ್ಟಾದರೂ ಜಾಗವು ಬಯಲಾಗಿರಲಿ. ಸೌದೆ, ಹೆಂಚಿನ ಚೂರು, ತೆಂಗಿನ ಮಟ್ಟೆಗಳನ್ನು ಗೋಡೆಗೆ ಒರಗಿಸಿ ಅಟ್ಟುವುದನ್ನು ನಿಲ್ಲಿಸಬೇಕು. ಹುಲ್ಲಿನ ಬಣವೆಯನ್ನು ಕಲ್ಲುಚಪ್ಪಡಿಯ ಅಟ್ಟಣೆಯ ಮೇಲೆ ಒಟ್ಟಿದರೆ ಕೆಳಗೆ ಇಲಿ ಬಿಲ ತೋಡಲಾರದು. ಕಾಳನ್ನು ತಗಡಿನ ಕಣಜದಲ್ಲಿಟ್ಟು, ಬಾಗಿಲಿನ ಅಡಿಯ ಸಂದನ್ನೂ ಗೋಡೆಯ ಬಿರುಕನ್ನೂ ಗಾರೆಯಿಂದ ಮುಚ್ಚಿಬಿಟ್ಟರೆ ಮನೆಗೆ ಇಲಿ ಬರದು. ಇಲಿ ಬಾರದ ಮನೆಗೆ ಹಾವು ಬರುವ ಕಾರಣ ಕಡಮೆ.

ಕಚ್ಚಿದಾಗ

ಈ ಎಚ್ಚರಿಕೆ ಎಷ್ಟು ಅಗತ್ಯವೆಂಬುದು ಅಂಕೆಗಳಿಂದ ತಿಳಿಯುತ್ತದೆ. 2000 ದಿಂದ 2019 ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58,000 ಎಂದು 2020ರಲ್ಲಿ ಪ್ರಕಟವಾದ ಸಮೀಕ್ಷೆಯು ಲೆಕ್ಕ ಹಾಕಿದೆ. ಹೆಚ್ಚಿನವರು ಹಳ್ಳಿಯವರು. 2024ರಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಪ್ರಕಟಿಸಿತು. ಪ್ರಾಣ ತೆಗೆಯುವವು ಮುಖ್ಯವಾಗಿ ನಾಲ್ಕು: ನಾಗರ, ಕಟ್ಟುಹಾವು, ಕೊಳಕುಮಂಡಲ, ಮತ್ತು ಒಣನೆಲದಲ್ಲಿರುವ ಗರಗಸದಂತಹ ಹುರುಪೆಯ ಚಿಕ್ಕ ಮಂಡಲ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವಾಗಲಿ ಬಾವಾಗಲಿ ಇಲ್ಲದೆ ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋಲುವಿಕೆ ತೋರಿದರೆ ಇದನ್ನೇ ಶಂಕಿಸಬೇಕು. ಕಡಲೆಕಾಯಿ ಬಳ್ಳಿಯ ಗುಡ್ಡೆಯ ಕೆಳಗೆ ಮಂಡಲ ಮಲಗಿರುವ ಸಂಭವವಿರುವುದರಿಂದ, ಗುಡ್ಡೆಯನ್ನು ಮೊದಲು ಕವೆಗೋಲಿನಿಂದ ಸರಿಸಿ ನೋಡದೆ ಹೆಣ್ಣಾಳುಗಳನ್ನು ಕಾಯಿ ಬಿಡಿಸಲು ಕೂಡಿಸಕೂಡದು. ಇದು ಜಮೀನಿನ ಯಜಮಾನರ ಹೊಣೆ.

ಕಚ್ಚಿದರೆ ಹಗ್ಗ ಬಿಗಿಯುವುದು, ಕುಯ್ಯುವುದು, ಬಾಯಿಯಿಂದ ಹೀರುವುದು, ಸೊಪ್ಪಿನ ರಸ ಕುಡಿಸಿ ಕಾಲ ಕಳೆಯುವುದು ಇವೆಲ್ಲ ಕೇಡು. ಉಂಗುರ ಬಳೆಗಳನ್ನು ತೆಗೆದು, ಕಚ್ಚಿದ ಕೈಕಾಲನ್ನು ದಬ್ಬೆಗೆ ಸಡಿಲವಾಗಿ ಕಟ್ಟಿ ಅಲುಗಾಡದಂತೆ ಮಾಡಿ, ನಡೆಯಗೊಡದೆ, 108ಕ್ಕೆ ಕರೆ ಕಳುಹಿಸಿ ತಾಲ್ಲೂಕು ಆಸ್ಪತ್ರೆಗೆ ಒಯ್ಯತಕ್ಕದ್ದು. ಪ್ರತಿವಿಷದ ಮದ್ದು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ದೊರೆಯುತ್ತದೆ. ಹಾವನ್ನು ಕೊಂದು ತರುವ ಅವಶ್ಯಕತೆಯಿಲ್ಲ, ಲಕ್ಷಣಗಳಿಂದಲೇ ವೈದ್ಯರು ಚಿಕಿತ್ಸೆ ಮಾಡುತ್ತಾರೆ. ಕಚ್ಚಿದುದು ಕೇರೆಯೇ ಆಗಿದ್ದರೆ ಸಾಬೂನು ನೀರಿನಿಂದ ತೊಳೆದರೆ ಸಾಕು, ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಳ್ಳುವುದು ಮೇಲು. ಆದರೆ ‘ಕೇರೆಯೇ’ ಎಂದು ಕಂಡವರು ಹೇಳಿದ ಮಾತ್ರಕ್ಕೆ ಮನೆಯಲ್ಲಿ ಕುಳಿತುಕೊಳ್ಳದೆ, ಆಸ್ಪತ್ರೆಗೆ ಹೋಗಿ ಒಂದು ದಿನ ವೈದ್ಯರ ಕಣ್ಣೆದುರು ಇರತಕ್ಕದ್ದು.

ಕೇರೆಯೇ ಮನೆಯೊಳಗೆ ಬಂದರೆ ಒಂದು ಬಾಗಿಲನ್ನು ತೆರೆದಿಟ್ಟು, ಮಕ್ಕಳನ್ನೂ ನಾಯಿಯನ್ನೂ ಹೊರಗೆ ಕಳುಹಿಸಿ, ಸದ್ದು ಮಾಡದೆ ದೂರ ನಿಂತರೆ ಸಾಮಾನ್ಯವಾಗಿ ತಾನೇ ಹೊರಟುಹೋಗುತ್ತದೆ. ಚೀಲಗಳ ಸಂದಿಗೆ ಹೊಕ್ಕು ಹೊರಡದಿದ್ದರೆ ಅರಣ್ಯ ಇಲಾಖೆಗೆ ತಿಳಿಸಬೇಕು. ಅವರು ಹಿಡಿದ ಮೇಲೆ, ಅದು ಕೇರೆಯೆಂದು ಖಚಿತವಾದಲ್ಲಿ, ಅದೇ ಗ್ರಾಮದ ಎಲ್ಲೆಯೊಳಗೆ, ಮನೆಗಳಿಗೆ ದೂರವಾದ ಬದುವಿನ ಬಳಿಯಲ್ಲಿಯೇ ಬಿಡುವಂತೆ ಗ್ರಾಮದ ಮುಖಂಡರು ಕೇಳಿಕೊಳ್ಳಬಹುದು.